ಪಾರ್ಕಿನ್ಸನ್ ಕಾಯಿಲೆ ಮತ್ತು ಮುಖಭಾವ: ತೋರಿಸಲಾಗದ ನಗು, ಗುರುತಿಸಲಾಗದ ಕೋಪ

2025ರಲ್ಲಿ ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದ ತಂಡವೊಂದು ಪ್ರಕಟಿಸಿದ ಅಧ್ಯಯನ ಸಾಕಷ್ಟು ಸುದ್ದಿಯಾಯಿತು. ಕ್ಯಾಮೆರಾದ ಮುಂದೆ ಕುಳಿತು ನಕ್ಕರೆ ಸಾಕು, ಆ ವಿಡಿಯೊ ನೋಡಿ ನಿಮಗೆ ಪಾರ್ಕಿನ್ಸನ್ ಕಾಯಿಲೆ ಇರಬಹುದೇ ಎಂದು ಕೃತಕ ಬುದ್ಧಿಮತ್ತೆ ಹೇಳುತ್ತದೆ ಎಂಬುದು ಅದರ ತಿರುಳು. 1,452 ಜನರ ವಿಡಿಯೊ ಬಳಸಿ ರೂಪಿಸಿದ ಈ ಮಾದರಿಯ ನಿಖರತೆ ಸುಮಾರು ಶೇ 88. ಈ ಸುದ್ದಿಯ ಬೆನ್ನಿಗೇ ಇನ್ನೊಂದು ಮಾತೂ ಸೇರಿಕೊಂಡಿತು: ಪಾರ್ಕಿನ್ಸನ್ ಇರುವವರಿಗೆ ಎದುರಿನವರ ಮುಖ ನೋಡಿ ಭಾವನೆ ಗುರುತಿಸುವುದು ಕಷ್ಟ.

ಎರಡೂ ನಿಜ. ಆದರೆ ಎರಡೂ ಒಂದೇ ಅಲ್ಲ. ಮೊದಲನೆಯದು ರೋಗಿಯ ಮುಖ ಏನನ್ನು ತೋರಿಸುತ್ತದೆ ಎಂಬ ಪ್ರಶ್ನೆ. ಎರಡನೆಯದು ಇನ್ನೊಬ್ಬರ ಮುಖದಲ್ಲಿ ರೋಗಿ ಏನನ್ನು ಕಾಣುತ್ತಾರೆ ಎಂಬ ಪ್ರಶ್ನೆ. ಇವೆರಡನ್ನೂ ಕಲಸಿಕೊಂಡ ಓದುಗರು ಮೂರನೆಯ ತೀರ್ಮಾನಕ್ಕೆ ಬರುತ್ತಾರೆ: ಹಾಗಾದರೆ ಇವರಿಗೆ ಭಾವನೆಗಳೇ ಇರುವುದಿಲ್ಲವೇನೋ. ಆ ಮೂರನೆಯದು ತಪ್ಪು. ಮನೆಮನೆಗಳಲ್ಲಿ ನೋವು ಹುಟ್ಟಿಸುತ್ತಿರುವುದೂ ಅದೇ.

ಮುಖ ಯಾಕೆ ಬಿಗಿಯಾಗುತ್ತದೆ

1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಈ ಕಾಯಿಲೆಯನ್ನು ವಿವರಿಸಿದಾಗ ಅವರ ಗಮನವೆಲ್ಲ ನಡುಗುವ ಕೈ, ಮುಂದಕ್ಕೆ ಬಾಗಿದ ದೇಹದ ಮೇಲಿತ್ತು. ಇಂದಿಗೂ ಪಾರ್ಕಿನ್ಸನ್ ಎಂದರೆ ಜನರಿಗೆ ಮೊದಲು ನೆನಪಾಗುವುದು ನಡುಕವೇ. ಮೂಲದಲ್ಲಿ ಆಗುವುದು ಇಷ್ಟು: ಮಿದುಳಿನ ಬುಡದಲ್ಲಿರುವ ಸಬ್‌ಸ್ಟಾನ್ಷಿಯಾ ನೈಗ್ರಾ ಎಂಬ ಕಪ್ಪು ಛಾಯೆಯ ಪುಟ್ಟ ಭಾಗದಲ್ಲಿ ನರಕೋಶಗಳ ನಡುವೆ ಸಂದೇಶ ಒಯ್ಯುವ ಡೋಪಮಿನ್ ಎಂಬ ರಾಸಾಯನಿಕವನ್ನು ತಯಾರಿಸುವ ನರಕೋಶಗಳು ಒಂದೊಂದಾಗಿ ಸಾಯುತ್ತವೆ. ಆ ಡೋಪಮಿನ್ ತಲುಪಬೇಕಿದ್ದ ಬೇಸಲ್ ಗ್ಯಾಂಗ್ಲಿಯಾ ಸೊರಗುತ್ತದೆ. ನಾವು ಯೋಚಿಸದೆಯೇ ಮಾಡುವ ಚಲನೆಗಳನ್ನು ಸರಾಗವಾಗಿ ನಡೆಸುವುದು ಈ ಭಾಗದ ಕೆಲಸ. ನಡೆಯುವಾಗ ಕೈ ಬೀಸುವುದು, ರೆಪ್ಪೆ ಬಡಿಯುವುದು, ಪರಿಚಿತರು ಕಂಡಾಗ ತುಟಿಯಂಚು ತಾನಾಗಿ ಅರಳುವುದು ಎಲ್ಲವೂ ಇದರ ಪಾಲಿನವು.

ಆರೋಗ್ಯವಂತರು ಸಾಮಾನ್ಯವಾಗಿ ನಿಮಿಷಕ್ಕೆ 15ರಿಂದ 20 ಸಲ ರೆಪ್ಪೆ ಬಡಿಯುತ್ತಾರೆ. ಪಾರ್ಕಿನ್ಸನ್‌ನಲ್ಲಿ ಅದು ಗಣನೀಯವಾಗಿ ಇಳಿಯುತ್ತದೆ. ನೋಡುವವರಿಗೆ ರೋಗಿ ದಿಟ್ಟಿಸುತ್ತಿರುವಂತೆ ಕಾಣುತ್ತದೆ. ಹುಬ್ಬು ಏರಿಳಿಯುವುದಿಲ್ಲ, ಕೆನ್ನೆ ಚಲಿಸುವುದಿಲ್ಲ, ಬಾಯಿ ಕೊಂಚ ತೆರೆದೇ ಇರಬಹುದು. ವೈದ್ಯರು ಇದನ್ನು ಮುಖವಾಡದಂಥ ಮುಖ ಎನ್ನುತ್ತಾರೆ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಫೋಟೊ ತೆಗೆಯುವವರು ಹೇಳಿದರೆಂದು ನಗುವುದು ಬೇರೆ, ಮೊಮ್ಮಗುವಿನ ತೊದಲು ಮಾತಿಗೆ ನಗು ಉಕ್ಕುವುದು ಬೇರೆ. ಮಿದುಳಿನಲ್ಲಿ ಎರಡಕ್ಕೂ ದಾರಿಗಳು ಬೇರೆ ಬೇರೆ. ಪಾರ್ಕಿನ್ಸನ್‌ನಲ್ಲಿ ಹೆಚ್ಚು ಪೆಟ್ಟು ಬೀಳುವುದು ತಾನಾಗಿ ಬರುವ ನಗುವಿಗೆ. ಹಾಗಾಗಿಯೇ 'ನಗಿ' ಎಂದರೆ ಕಷ್ಟಪಟ್ಟಾದರೂ ನಗಬಲ್ಲ ವ್ಯಕ್ತಿ, ನಿಜವಾಗಿ ಸಂತೋಷವಾದಾಗ ಸಪ್ಪೆ ಮುಖದಲ್ಲಿ ಕುಳಿತಿರುತ್ತಾರೆ. ಬಯಸಿ ತಂದುಕೊಳ್ಳುವ ನಗುವೂ ನಿಧಾನ, ಚಿಕ್ಕದು. ರಾಚೆಸ್ಟರ್ ತಂಡದ ಕಂಪ್ಯೂಟರ್ ಹಿಡಿಯುವುದು ಸ್ನಾಯುಗಳ ಈ ಸೋಮಾರಿತನವನ್ನು. ಆ ವ್ಯಕ್ತಿಯ ಮನಸ್ಸಿನಲ್ಲಿ ಏನಿದೆ ಎಂಬುದು ಅದಕ್ಕೆ ತಿಳಿಯುವುದಿಲ್ಲ.

ಆರು ಪದ, ಒಂದು ಫೋಟೊ

ಈಗ ಎರಡನೆಯ ಪ್ರಶ್ನೆಗೆ ಬರೋಣ. ಇತರರ ಮುಖಭಾವ ಗುರುತಿಸುವ ಸಾಮರ್ಥ್ಯವನ್ನು ಅಳೆಯುವುದು ಹೇಗೆ? ಅಮೆರಿಕದ ಮನೋವಿಜ್ಞಾನಿ ಪಾಲ್ ಎಕ್ಮನ್ ಮತ್ತು ವಾಲೆಸ್ ಫ್ರೀಸನ್ 1976ರಲ್ಲಿ 110 ಕಪ್ಪು-ಬಿಳುಪು ಚಿತ್ರಗಳ ಸಂಗ್ರಹವೊಂದನ್ನು ಹೊರತಂದರು. ಅದರಿಂದ ಆಯ್ದ 60 ಚಿತ್ರಗಳ ಪರೀಕ್ಷೆ ಇಂದಿಗೂ ಹೆಚ್ಚು ಬಳಕೆಯಲ್ಲಿದೆ. ಪರದೆಯ ಮೇಲೆ ಒಂದು ಮುಖ ಮೂಡುತ್ತದೆ. ಕೆಳಗೆ ಆರು ಪದಗಳು: ಸಂತೋಷ, ದುಃಖ, ಕೋಪ, ಭಯ, ಅಸಹ್ಯ, ಅಚ್ಚರಿ. ಹೊಂದುವ ಪದವನ್ನು ಆರಿಸಬೇಕು.

ನಗುಮುಖ ಬಂದರೆ ಬಹುತೇಕ ಯಾರೂ ತಪ್ಪುವುದಿಲ್ಲ. ಆರರಲ್ಲಿ ಹಿತಕರವಾದದ್ದು ಅದೊಂದೇ, ಹಲ್ಲು ಕಂಡರೆ ಉತ್ತರ ಸಿಕ್ಕಿತು. ಹುಬ್ಬು ಗಂಟಿಕ್ಕಿ, ಮೂಗಿನ ಬದಿ ಸುಕ್ಕುಗಟ್ಟಿ, ಮೇಲ್ದುಟಿ ತುಸು ಎತ್ತಿದ ಮುಖ ಬಂದಾಗ ತೊಡಕು ಶುರು. ಕೋಪವೋ? ಅಸಹ್ಯವೋ? ಕಣ್ಣರಳಿಸಿ ಬಾಯಿ ತೆರೆದ ಮುಖ ಭಯದ್ದೋ ಅಚ್ಚರಿಯದ್ದೋ? ಆರೋಗ್ಯವಂತರೂ ಇಲ್ಲಿ ತಡವರಿಸುತ್ತಾರೆ. ಪಾರ್ಕಿನ್ಸನ್ ಇರುವವರು ಇನ್ನೂ ಹೆಚ್ಚು ತಡವರಿಸುತ್ತಾರೆಯೇ ಎಂಬುದೇ ಸಂಶೋಧಕರ ಪ್ರಶ್ನೆ.

ಉತ್ತರ ಸುಲಭಕ್ಕೆ ಸಿಗಲಿಲ್ಲ. 1995ರಲ್ಲಿ ಪ್ರಕಟವಾದ ಅಧ್ಯಯನವೊಂದು ಕೊರತೆ ಇದೆ ಎಂದಿತು. 1998ರಲ್ಲಿ ರಾಲ್ಫ್ ಅಡಾಲ್ಫ್ಸ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ, ಕೊರತೆಯೇ ಇಲ್ಲ ಎಂದಿತು. ಅಸಹ್ಯವನ್ನು ಮಾತ್ರ ಗುರುತಿಸಲಾರರು ಎಂದು ಕೆಲವರು, ಭಯ ಮತ್ತು ಕೋಪ ಎಂದು ಇನ್ನು ಕೆಲವರು. ಬಹುತೇಕ ಅಧ್ಯಯನಗಳಲ್ಲಿ ಇದ್ದದ್ದು ಹತ್ತಿಪ್ಪತ್ತೋ ಮೂವತ್ತೋ ರೋಗಿಗಳು. ಅಷ್ಟು ಚಿಕ್ಕ ಗುಂಪಿನಲ್ಲಿ ನಾಲ್ಕಾರು ಜನರ ಉತ್ತರ ಆಚೀಚೆಯಾದರೂ ಫಲಿತಾಂಶ ತಿರುಗಿಬೀಳುತ್ತದೆ.

64 ಮತ್ತು 36

ಈ ಗೊಂದಲವನ್ನು ಬಹುಮಟ್ಟಿಗೆ ತಿಳಿಗೊಳಿಸಿದ್ದು 2010ರ ಒಂದು ಸಮಗ್ರ ವಿಶ್ಲೇಷಣೆ. ಹೆದರ್ ಗ್ರೇ ಮತ್ತು ಲಿಂಡಾ ಟಿಕಲ್-ಡೆಗ್ನೆನ್ ಅದುವರೆಗಿನ 34 ಅಧ್ಯಯನಗಳನ್ನು, ಒಟ್ಟು 1,295 ಜನರ ಫಲಿತಾಂಶಗಳನ್ನು ಒಟ್ಟಿಗಿಟ್ಟು ಲೆಕ್ಕ ಹಾಕಿದರು. ಕೊರತೆ ಇರುವುದು ಖಚಿತವಾಯಿತು. ಮುಖದಲ್ಲಿ ಮಾತ್ರವಲ್ಲ, ದನಿಯಲ್ಲಿನ ಭಾವನೆ ಗುರುತಿಸುವುದರಲ್ಲೂ ಇದೆ. ಸಂತೋಷದಂಥ ಹಿತಕರ ಭಾವಗಳಿಗಿಂತ ಕೋಪ, ಭಯ, ದುಃಖ, ಅಸಹ್ಯಗಳಲ್ಲಿ ಅದು ಹೆಚ್ಚು.

ಎಷ್ಟು ದೊಡ್ಡ ಕೊರತೆ? ಸಂಖ್ಯಾಶಾಸ್ತ್ರದ ಅಳತೆಯಲ್ಲಿ ಅದು 0.52, ಮಧ್ಯಮ ಪ್ರಮಾಣದ್ದು. ಇದನ್ನು ಹೀಗೆ ಬಿಡಿಸಬಹುದು. ಒಬ್ಬ ಪಾರ್ಕಿನ್ಸನ್ ರೋಗಿ, ಒಬ್ಬ ಆರೋಗ್ಯವಂತ ವ್ಯಕ್ತಿ, ಹೀಗೆ 100 ಜೋಡಿ ಮಾಡಿ ಎಲ್ಲರಿಗೂ ಪರೀಕ್ಷೆ ಕೊಟ್ಟರೆ ಸುಮಾರು 64 ಜೋಡಿಗಳಲ್ಲಿ ಆರೋಗ್ಯವಂತರು ಮುಂದಿರುತ್ತಾರೆ. ಉಳಿದ 36 ಜೋಡಿಗಳಲ್ಲಿ ಮುಂದಿರುವುದು ರೋಗಿಯೇ. 'ಪಾರ್ಕಿನ್ಸನ್ ರೋಗಿಗಳಿಗೆ ಮುಖಭಾವ ತಿಳಿಯುವುದಿಲ್ಲ' ಎಂಬ ತಲೆಬರಹ ಈ 36ನ್ನು ನುಂಗಿಹಾಕುತ್ತದೆ. ಗುಂಪಿನ ಸರಾಸರಿಯನ್ನು ಮನೆಯ ಹಿರಿಯರ ಮೇಲೆ ಹಾಗೆಯೇ ಹೊರಿಸುವಂತಿಲ್ಲ. ಕೆಲವರಿಗೆ ಈ ತೊಂದರೆ ತೀವ್ರವಾಗಿರುತ್ತದೆ, ಕೆಲವರಿಗೆ ಇರುವುದೇ ಇಲ್ಲ.

ಕಾರಣದ ಬಗ್ಗೆ ಇನ್ನೂ ಜಗಳವಿದೆ

ಎಲ್ಲರಿಗೂ ಇಷ್ಟವಾಗುವ ಒಂದು ವಿವರಣೆಯಿದೆ. ಎದುರಿನವರು ನಕ್ಕರೆ ನಮ್ಮ ಮುಖದ ಸ್ನಾಯುಗಳೂ ಕಣ್ಣಿಗೆ ಕಾಣದಷ್ಟು ಮೆಲ್ಲಗೆ ಅದನ್ನು ಅನುಕರಿಸುತ್ತವೆ, ಆ ಸೂಕ್ಷ್ಮ ಚಲನೆಯೇ ಅವರ ಭಾವನೆಯನ್ನು ನಮಗೆ ತಿಳಿಸಲು ನೆರವಾಗುತ್ತದೆ ಎಂಬುದು ಆ ವಾದ. ಪಾರ್ಕಿನ್ಸನ್‌ನಲ್ಲಿ ಮುಖವೇ ಬಿಗಿದಿರುವಾಗ ಅನುಕರಣೆ ನಡೆಯದು, ಆದ್ದರಿಂದ ಗುರುತಿಸುವಿಕೆಯೂ ಕುಂದುತ್ತದೆ. ಹೀಗೆ ಎರಡು ತೊಂದರೆಗಳಿಗೆ ಒಂದೇ ಬೇರು ಸಿಕ್ಕಂತಾಯಿತು. 2016ರಲ್ಲಿ ಫ್ರಾನ್ಸಿನ ತಂಡವೊಂದು ಮುಖದ ಸ್ನಾಯುಗಳ ವಿದ್ಯುತ್ ಸಂಕೇತ ಅಳೆದು, ನಗುಮುಖ ಕಂಡಾಗ ರೋಗಿಗಳ ಕೆನ್ನೆಯ ಸ್ನಾಯು ಕಡಿಮೆ ಸ್ಪಂದಿಸುವುದನ್ನು ತೋರಿಸಿತು.

ಆದರೆ ಈ ವಾದಕ್ಕೆ ಗಟ್ಟಿಯಾದ ಅಡ್ಡಿಯೊಂದಿದೆ. ಮೋಬಿಯಸ್ ಸಿಂಡ್ರೋಮ್ ಎಂಬ ಅಪರೂಪದ ಸ್ಥಿತಿಯಲ್ಲಿ ಹುಟ್ಟಿನಿಂದಲೇ ಮುಖದ ಸ್ನಾಯುಗಳು ಚಲಿಸುವುದಿಲ್ಲ. ಅಂಥ 37 ಜನರನ್ನು 2010ರಲ್ಲಿ ಪರೀಕ್ಷಿಸಿದಾಗ, ಇತರರ ಮುಖಭಾವ ಗುರುತಿಸುವುದರಲ್ಲಿ ಅವರು ಯಾರಿಗೂ ಕಡಿಮೆಯಿರಲಿಲ್ಲ. ಅನುಕರಣೆ ಅನಿವಾರ್ಯವಾಗಿದ್ದರೆ ಇದು ಸಾಧ್ಯವಾಗುತ್ತಿರಲಿಲ್ಲ. ಹುಟ್ಟಿನಿಂದ ಇಲ್ಲದವರು ಬೇರೆ ದಾರಿ ಕಲಿತಿರುತ್ತಾರೆ, ಅರವತ್ತು ವರ್ಷ ಇದ್ದು ಕಳೆದುಕೊಂಡವರ ಕತೆ ಬೇರೆ ಎಂದು ಹೇಳಬಹುದು, ಅದರಲ್ಲಿ ಹುರುಳಿಲ್ಲದಿಲ್ಲ. ಆದರೂ ಅನುಕರಣೆಯೊಂದೇ ಇಡೀ ಕೊರತೆಯನ್ನು ವಿವರಿಸಲಾರದು.

ಹೆಚ್ಚು ಬಲವಾದ ಪುರಾವೆ ಇರುವುದು ಮಿದುಳಿನ ಒಳಗೇ. ಭಯದಂಥ ಭಾವಗಳನ್ನು ಗ್ರಹಿಸುವುದರಲ್ಲಿ ಅಮಿಗ್ಡಲ ಎಂಬ ಭಾಗಕ್ಕೆ ಮುಖ್ಯ ಪಾತ್ರವಿದೆ. ಪಾರ್ಕಿನ್ಸನ್‌ನ ಗುರುತಾದ ಲೂಯಿ ಬಾಡಿ ಎಂಬ ಪ್ರೋಟೀನ್ ಗಂಟುಗಳು ಅಲ್ಲೂ ಕಟ್ಟಿಕೊಳ್ಳುತ್ತವೆ. 2002ರ ಒಂದು ಎಂಆರ್‌ಐ ಅಧ್ಯಯನದಲ್ಲಿ, ಔಷಧ ನಿಲ್ಲಿಸಿದ್ದ ರೋಗಿಗಳಿಗೆ ಭಯದ ಮುಖಗಳನ್ನು ತೋರಿಸಿದಾಗ ಅಮಿಗ್ಡಲದ ಸ್ಪಂದನೆ ತೀರ ಕಡಿಮೆಯಿತ್ತು. ಡೋಪಮಿನ್ ಹೆಚ್ಚಿಸುವ ಔಷಧ ಕೊಟ್ಟ ಮೇಲೆ ಅದು ಸ್ವಲ್ಪಮಟ್ಟಿಗೆ ಮರಳಿತು. ಎಂದರೆ ಡೋಪಮಿನ್ ಕೈಕಾಲಿನ ಚಲನೆಗಷ್ಟೇ ಸೀಮಿತವಲ್ಲ, ಮುಖದಲ್ಲಿ ಮುಖ್ಯವಾದುದನ್ನು ಹೆಕ್ಕಿಕೊಳ್ಳಲೂ ಬೇಕು.

ಇನ್ನೊಂದು ಎಚ್ಚರಿಕೆಯೂ ಬೇಕು. ಪಾರ್ಕಿನ್ಸನ್‌ನಲ್ಲಿ ಕಣ್ಣಿಗೆ ಬೆಳಕು-ನೆರಳಿನ ವ್ಯತ್ಯಾಸ ತಿಳಿಯುವ ಶಕ್ತಿ ಕುಂದುತ್ತದೆ. ಯೋಚನೆ ನಿಧಾನವಾಗುತ್ತದೆ. ಖಿನ್ನತೆ ಇರಬಹುದು. ಇವೆಲ್ಲವೂ ಪರೀಕ್ಷೆಯ ಅಂಕ ಇಳಿಸಬಲ್ಲವು. ಕಪ್ಪು-ಬಿಳುಪಿನ, ಅಲುಗಾಡದ, ಅಪರಿಚಿತ ವಿದೇಶಿ ಮುಖವನ್ನು ನೋಡಿ ಪದ ಆರಿಸುವುದಕ್ಕೂ, ನಲವತ್ತು ವರ್ಷ ಜೊತೆಗೆ ಬಾಳಿದ ಹೆಂಡತಿಯ ಮುಖ ಸಣ್ಣಗಾದದ್ದನ್ನು ಗ್ರಹಿಸುವುದಕ್ಕೂ ದೊಡ್ಡ ಅಂತರವಿದೆ. ಪ್ರಯೋಗಾಲಯದ ಅಂಕ ನೋಡಿ ಮನೆಯೊಳಗಿನ ಬದುಕನ್ನು ಊಹಿಸುವಾಗ ಈ ಅಂತರ ನೆನಪಿರಬೇಕು.

ಮಾತ್ರೆ ಮತ್ತು ತಂತಿ

ಹಾಗಾದರೆ ಡೋಪಮಿನ್ ಕೊಟ್ಟರೆ ಎಲ್ಲ ಸರಿಹೋಗಬೇಕಲ್ಲ? ಅಷ್ಟು ನೇರವಾಗಿಲ್ಲ. 2003ರ ಒಂದು ಅಧ್ಯಯನದಲ್ಲಿ, ಔಷಧ ಶುರುಮಾಡದ ರೋಗಿಗಳು ಅಸಹ್ಯವನ್ನು ಗುರುತಿಸುವುದರಲ್ಲಿ ಔಷಧ ತೆಗೆದುಕೊಳ್ಳುತ್ತಿದ್ದವರಿಗಿಂತ ಹಿಂದಿದ್ದರು. ಇದು ಔಷಧದ ಪರವಾದ ಸಾಕ್ಷ್ಯ. ಆದರೆ ಕಾಯಿಲೆಯ ಆರಂಭದಲ್ಲಿ ಚಲನೆಯ ಭಾಗಗಳಲ್ಲಿ ಡೋಪಮಿನ್ ಬರಿದಾಗಿದ್ದರೂ, ಭಾವನೆಗೆ ಸಂಬಂಧಿಸಿದ ಕೆಲವು ಭಾಗಗಳಲ್ಲಿ ಅದು ಇನ್ನೂ ಸಾಕಷ್ಟಿರುತ್ತದೆ. ಮಿದುಳಿನಲ್ಲಿ ಡೋಪಮಿನ್ ಆಗಿ ಮಾರ್ಪಡುವ ಲೆವೊಡೋಪಾ ಎಂಬ ಔಷಧದ, ಕೈನಡುಕಕ್ಕೆ ಸರಿಯಾದ ಪ್ರಮಾಣ ಆ ಭಾಗಗಳಿಗೆ ಅತಿಯಾಗಬಹುದು. ಫಲಿತಾಂಶಗಳು ಒಂದೊಂದು ಅಧ್ಯಯನದಲ್ಲಿ ಒಂದೊಂದು ರೀತಿ ಬರುವುದಕ್ಕೆ ಇದೂ ಒಂದು ಕಾರಣ. ಈ ಸುದ್ದಿ ಓದಿ ಯಾರೂ ತಾವಾಗಿಯೇ ಮಾತ್ರೆ ಹೆಚ್ಚು ಕಡಿಮೆ ಮಾಡಬಾರದು. ಲೆವೊಡೋಪಾವನ್ನು ಹಠಾತ್ತಾಗಿ ನಿಲ್ಲಿಸುವುದು ಜೀವಕ್ಕೇ ಅಪಾಯ.

ಮಿದುಳಿನೊಳಗೆ ತಂತಿ ಇಳಿಸಿ ಸಣ್ಣ ವಿದ್ಯುತ್ ಹರಿಸುವ ಡಿಬಿಎಸ್ ಶಸ್ತ್ರಚಿಕಿತ್ಸೆಯ ಪ್ರಶ್ನೆ ಇನ್ನೂ ನಾಜೂಕಿನದು. ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಎಂಬ ಜಾಗಕ್ಕೆ ತಂತಿ ಇಳಿಸುವ ಪದ್ಧತಿ 1993ರಲ್ಲಿ ಫ್ರಾನ್ಸಿನ ಗ್ರನೋಬಲ್‌ನಲ್ಲಿ ಆರಂಭವಾಯಿತು, 2002ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ನಡುಕ, ಬಿಗಿತ ಗಣನೀಯವಾಗಿ ಇಳಿಯುವುದರಲ್ಲಿ ಅನುಮಾನವಿಲ್ಲ. ಆದರೆ ಚಲನೆ ಸುಧಾರಿಸಿದ ಕೆಲವು ರೋಗಿಗಳಲ್ಲಿ ಭಯ, ಕೋಪದಂಥ ಭಾವಗಳನ್ನು ಗುರುತಿಸುವ ಶಕ್ತಿ ಶಸ್ತ್ರಚಿಕಿತ್ಸೆಯ ನಂತರ ಕುಂದಿದ್ದನ್ನು ಹಲವು ಅಧ್ಯಯನಗಳು ದಾಖಲಿಸಿವೆ. ಆ ಪುಟ್ಟ ನ್ಯೂಕ್ಲಿಯಸ್‌ನಲ್ಲಿ ಚಲನೆಯ ಮತ್ತು ಭಾವನೆಯ ಜಾಲಗಳು ಕೆಲವೇ ಮಿಲಿಮೀಟರ್ ಅಂತರದಲ್ಲಿವೆ. ಒಂದಕ್ಕೆ ಹರಿಸಿದ ವಿದ್ಯುತ್ ಇನ್ನೊಂದನ್ನೂ ಮುಟ್ಟುವುದು ಅಸಹಜವೇನಲ್ಲ. ಶಸ್ತ್ರಚಿಕಿತ್ಸೆ ಬೇಡ ಎನ್ನಲು ಇದು ಕಾರಣವಾಗದು. ಮುಂಚೆಯೇ ತಿಳಿಸಲು ಮಾತ್ರ ಖಂಡಿತ ಕಾರಣ.

ಮುಖ ನೋಡಿ ಮಣೆ ಹಾಕಿದರೆ

ಮನೆಯಲ್ಲಿ ಇದು ಹೇಗೆ ಕಾಣುತ್ತದೆ ಎಂದು ನೋಡೋಣ. ಸೊಸೆ ಕಾಫಿ ಲೋಟ ಇಟ್ಟು, 'ಮಾವ, ಪುಟ್ಟನಿಗೆ ಸೀಟು ಸಿಕ್ತು' ಎನ್ನುತ್ತಾಳೆ. ಮಾವನ ಮುಖದಲ್ಲಿ ಒಂದು ಗೆರೆಯೂ ಅಲುಗುವುದಿಲ್ಲ, ದನಿಯೂ ಏರುವುದಿಲ್ಲ. ಇವರಿಗೆ ಏನೂ ಅನ್ನಿಸಲೇ ಇಲ್ಲ ಎಂದು ಅವಳ ಮುಖ ಬಾಡುತ್ತದೆ. ಆ ಬಾಡಿದ ಮುಖ ಮಾವನಿಗೆ ಗೊತ್ತಾಗುವುದಿಲ್ಲ, ಹಾಗಾಗಿ ಸರಿಪಡಿಸುವ ಮಾತೂ ಬರುವುದಿಲ್ಲ. ಮಾವನಿಗೆ ಒಳಗೊಳಗೇ ಸಂತೋಷವಾಗಿದೆ. ಸೊಸೆಗೆ ಅದು ತಲುಪಿಲ್ಲ. ನಾಳೆಯಿಂದ ಅವಳು ಸುದ್ದಿ ಹೇಳುವುದನ್ನೇ ಕಡಿಮೆ ಮಾಡುತ್ತಾಳೆ, ಮಾವ ತನ್ನನ್ನು ಯಾರೂ ಮಾತಾಡಿಸುವುದಿಲ್ಲ ಎಂದು ಕೊರಗುತ್ತಾರೆ. ಎರಡು ಪ್ರತ್ಯೇಕ ಕೊರತೆಗಳು ಒಂದೇ ಮನೆಯಲ್ಲಿ ಸೇರಿದಾಗ ಒಂದು ಇನ್ನೊಂದನ್ನು ಬೆಳೆಸುತ್ತದೆ.

ತಜ್ಞರೂ ಈ ತಪ್ಪಿಗೆ ಹೊರತಲ್ಲ. 1987ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಪಾರ್ಕಿನ್ಸನ್ ರೋಗಿಗಳ ಮತ್ತು ಹೃದ್ರೋಗಿಗಳ ಮೂಕ ವಿಡಿಯೊಗಳನ್ನು ಆರೋಗ್ಯ ವೃತ್ತಿಪರರಿಗೆ ತೋರಿಸಿದರು. ಪಾರ್ಕಿನ್ಸನ್ ಇರುವವರನ್ನು ಅವರು ಹೆಚ್ಚು ಆತಂಕದವರು, ಸಿಡುಕಿನವರು, ಬೇಸರಗೊಂಡವರು ಎಂದು ಗುರುತಿಸಿದರು. ಕಾರಣ ಮುಖ ಮಾತ್ರ. ಇದರ ಪರಿಣಾಮ ಎರಡು ದಿಕ್ಕಿನಲ್ಲಿದೆ. ಖಿನ್ನತೆ ಇಲ್ಲದವರಿಗೆ ಖಿನ್ನತೆಯ ಹಣೆಪಟ್ಟಿ ಬೀಳಬಹುದು. ಪಾರ್ಕಿನ್ಸನ್ ಇರುವ ಸುಮಾರು ಮೂವರಲ್ಲಿ ಒಬ್ಬರಿಗೆ ನಿಜವಾಗಿಯೂ ಖಿನ್ನತೆಯ ಲಕ್ಷಣಗಳಿರುತ್ತವೆ. 'ಮುಖ ಹಾಗೆಯೇ, ಕಾಯಿಲೆಯಿಂದ' ಎಂದು ತಳ್ಳಿಹಾಕಿದರೆ ಅವರಿಗೆ ಸಿಗಬೇಕಾದ ಚಿಕಿತ್ಸೆ ತಪ್ಪುತ್ತದೆ. ಮುಖ ಬಿಟ್ಟು ನೇರವಾಗಿ ಕೇಳುವುದೊಂದೇ ದಾರಿ: ಮನಸ್ಸು ಹೇಗಿದೆ, ನಿದ್ದೆ ಬರುತ್ತದೆಯೇ, ಯಾವುದರಲ್ಲಾದರೂ ಆಸಕ್ತಿ ಉಳಿದಿದೆಯೇ?

ಯಂತ್ರಗಳ ಕೈಗೆ ಮುಖ ಕೊಟ್ಟಾಗ

ನಗುವಿನ ವಿಡಿಯೊದ ಸುದ್ದಿಗೆ ಮರಳೋಣ. ಶೇ 88ರ ನಿಖರತೆ ಎಂದರೆ, ಕಂಪ್ಯೂಟರ್ 'ಇದೆ' ಎಂದ 100 ಜನರಲ್ಲಿ 88 ಮಂದಿಗೆ ಕಾಯಿಲೆ ಇದೆ ಎಂದಲ್ಲ. ಆ ಮಾದರಿ ಕಾಯಿಲೆ ಇರುವ 100 ಜನರಲ್ಲಿ ಸುಮಾರು 77 ಮಂದಿಯನ್ನು ಹಿಡಿಯಿತು, ಇಲ್ಲದ 100 ಜನರಲ್ಲಿ ಸುಮಾರು 91 ಮಂದಿಯನ್ನು ಸರಿಯಾಗಿ ಬಿಟ್ಟಿತು. ಲೆಕ್ಕಕ್ಕೆಂದು 1,000 ಹಿರಿಯರಲ್ಲಿ 10 ಮಂದಿಗೆ ಪಾರ್ಕಿನ್ಸನ್ ಇದೆ ಎಂದಿಟ್ಟುಕೊಳ್ಳಿ. ಯಂತ್ರ ಅವರಲ್ಲಿ ಏಳೆಂಟು ಮಂದಿಯನ್ನು ಗುರುತಿಸುತ್ತದೆ. ಜೊತೆಗೆ ಕಾಯಿಲೆಯೇ ಇಲ್ಲದ ಉಳಿದ 990 ಜನರಲ್ಲಿ ಸುಮಾರು 90 ಮಂದಿಯನ್ನೂ ಹೆದರಿಸುತ್ತದೆ. ನರರೋಗ ತಜ್ಞರು ವಿರಳವಾಗಿರುವ ಊರುಗಳಲ್ಲಿ ಯಾರನ್ನು ಮೊದಲು ಕಳಿಸಬೇಕು ಎಂದು ತೀರ್ಮಾನಿಸಲು ಇಂಥ ಸಾಧನ ಉಪಕಾರಿ. ಫೋನಿನಲ್ಲಿ ನಕ್ಕು, ಬಂದ ಉತ್ತರವನ್ನೇ ರೋಗನಿರ್ಣಯ ಎಂದುಕೊಂಡರೆ ಅನಾಹುತ.

ನನಗೆ ಹೆಚ್ಚು ಕಳವಳ ತರುವುದು ಬೇರೆಯದೇ ತಂತ್ರಾಂಶ: ಉದ್ಯೋಗದ ಸಂದರ್ಶನದಲ್ಲಿ, ಕಚೇರಿಯಲ್ಲಿ ಮುಖ ನೋಡಿ 'ಉತ್ಸಾಹ', 'ಆಸಕ್ತಿ' ಅಳೆಯುತ್ತೇವೆ ಎನ್ನುವಂಥದ್ದು. ಮುಖದ ಚಲನೆಯಿಂದ ಭಾವನೆಯನ್ನು ನಂಬಿಕೆಗೆ ಅರ್ಹವಾಗಿ ಊಹಿಸಲಾಗದು ಎಂದು ಲೀಸಾ ಫೆಲ್ಡ್‌ಮನ್ ಬ್ಯಾರೆಟ್ ಮತ್ತು ಇತರ ವಿಜ್ಞಾನಿಗಳು 2019ರ ವಿಸ್ತೃತ ವಿಮರ್ಶೆಯಲ್ಲಿ ವಾದಿಸಿದ್ದಾರೆ. ಐವತ್ತರೊಳಗೇ ಪಾರ್ಕಿನ್ಸನ್ ಬಂದವರು ದುಡಿಯುತ್ತಿರುತ್ತಾರೆ. ಇಂಥ ಯಂತ್ರದ ಮುಂದೆ ಅವರು ಏನೂ ತಪ್ಪು ಮಾಡದೆಯೇ ಸೋಲುತ್ತಾರೆ. ಐರೋಪ್ಯ ಒಕ್ಕೂಟ 2025ರ ಫೆಬ್ರುವರಿ 2ರಿಂದ ಕೆಲಸದ ಸ್ಥಳ ಮತ್ತು ಶಿಕ್ಷಣ ಸಂಸ್ಥೆಗಳಲ್ಲಿ ಭಾವನೆ ಊಹಿಸುವ ಕೃತಕ ಬುದ್ಧಿಮತ್ತೆಯನ್ನು ನಿಷೇಧಿಸಿದೆ. ವೈದ್ಯಕೀಯ ಮತ್ತು ಸುರಕ್ಷತೆಯ ಉದ್ದೇಶಕ್ಕೆ ಮಾತ್ರ ವಿನಾಯಿತಿ. ಭಾರತದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಾರ್ಕಿನ್ಸನ್ ಕಾಯಿಲೆಯನ್ನು ತನ್ನ ಪಟ್ಟಿಗೆ ಸೇರಿಸಿ ತಾರತಮ್ಯದಿಂದ ರಕ್ಷಣೆಯ ಮಾತಾಡುತ್ತದೆ. ಆ ರಕ್ಷಣೆ ಮುಖ ಅಳೆಯುವ ಯಂತ್ರಕ್ಕೂ ಅನ್ವಯಿಸಬೇಕು ಎಂದು ಕೇಳಲು ಇದು ಸರಿಯಾದ ಹೊತ್ತು.

ತಪಾಸಣೆಯಲ್ಲಿ ಏನು ಕೇಳಬೇಕು

ಪಾರ್ಕಿನ್ಸನ್ ತೀವ್ರತೆ ಅಳೆಯಲು ಜಗತ್ತಿನಾದ್ಯಂತ ಬಳಸುವ ಎಂಡಿಎಸ್-ಯುಪಿಡಿಆರ್‌ಎಸ್ ಪಟ್ಟಿಯಲ್ಲಿ ರೋಗಿಯ ಮುಖಭಾವಕ್ಕೆ 0ಯಿಂದ 4ರವರೆಗೆ ಅಂಕವಿದೆ. ಇತರರ ಮುಖ ಓದುವ ಸಾಮರ್ಥ್ಯಕ್ಕೆ ಒಂದು ಸಾಲೂ ಇಲ್ಲ. ವೈದ್ಯರು ಕೇಳುವುದಿಲ್ಲ, ಮನೆಯವರಿಗೆ ಅದು ಕಾಯಿಲೆಯ ಭಾಗ ಎಂದು ಗೊತ್ತಿರುವುದಿಲ್ಲ. 'ಅಪ್ಪ ಇತ್ತೀಚೆಗೆ ನಮ್ಮನ್ನು ಅರ್ಥವೇ ಮಾಡಿಕೊಳ್ಳುವುದಿಲ್ಲ' ಎಂಬ ದೂರು ವಯಸ್ಸಿನ, ಸ್ವಭಾವದ ಲೆಕ್ಕಕ್ಕೆ ಹೋಗುತ್ತದೆ. ಆ ಮಾತನ್ನು ನರರೋಗ ತಜ್ಞರ ಮುಂದೆ ಆಡಬೇಕು. ಯಾವಾಗಿನಿಂದ, ಔಷಧದ ಪ್ರಭಾವ ಇಳಿದ ಹೊತ್ತಿನಲ್ಲಿ ಹೆಚ್ಚೇ ಎಂಬುದನ್ನೂ ಹೇಳಿದರೆ ವೈದ್ಯರಿಗೆ ಹಿಡಿತ ಸಿಗುತ್ತದೆ.

ಮುಖದ ವ್ಯಾಯಾಮ, ದನಿಯ ತರಬೇತಿಗಳು ರೋಗಿಯ ಮುಖಭಾವವನ್ನು ಒಂದಿಷ್ಟು ಸುಧಾರಿಸುತ್ತವೆ ಎಂದು ಸಣ್ಣ ಅಧ್ಯಯನಗಳು ಹೇಳಿವೆ. ಎದುರಿನವರ ಮುಖ ಓದುವ ತರಬೇತಿ ಇನ್ನೂ ಪ್ರಯೋಗದ ಹಂತದಲ್ಲಿದೆ. ಅಲ್ಲಿಯವರೆಗೆ ಕೆಲಸಕ್ಕೆ ಬರುವುದು ಮಾತು. ಮುಖ ಊದಿಸಿಕೊಂಡು ಕೂತರೆ ಅವರಿಗೆ ತಿಳಿಯಲಿ ಎಂದು ಕಾಯುವ ಬದಲು, 'ನನಗೆ ಬೇಜಾರಾಗಿದೆ' ಎಂದು ಬಾಯಿಬಿಟ್ಟು ಹೇಳುವುದು. ರೋಗಿಯೂ 'ತುಂಬ ಖುಷಿಯಾಯ್ತಮ್ಮ' ಎಂದು ಹೇಳಿಬಿಡುವುದನ್ನು ರೂಢಿಸಿಕೊಳ್ಳುವುದು. ದನಿಯ ಏರಿಳಿತವೂ ಪೂರ್ತಿ ತಲುಪದಿರುವಾಗ ಪದಗಳೇ ಗಟ್ಟಿ.

ನಮ್ಮಲ್ಲಿ ಪರೀಕ್ಷೆಗೆ ಸಾಧನವಿಲ್ಲ ಎಂದೇನಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನ ತಜ್ಞರು ಭಾರತೀಯ ನಟರ ಫೋಟೊ ಮತ್ತು ವಿಡಿಯೊ ತುಣುಕುಗಳನ್ನು ಬಳಸಿ 'ಟ್ರೆಂಡ್ಸ್' ಎಂಬ ಭಾವನೆ ಗುರುತಿಸುವ ಪರೀಕ್ಷೆಯನ್ನು 2008ರಲ್ಲೇ ಪ್ರಕಟಿಸಿದ್ದಾರೆ. ಅದು ಹೆಚ್ಚು ಬಳಕೆಯಾದದ್ದು ಸ್ಕಿಜೋಫ್ರೀನಿಯಾ ಅಧ್ಯಯನಗಳಲ್ಲಿ. ಡಿಬಿಎಸ್‌ಗೆ ಮುನ್ನ ಹೇಗೂ ನೆನಪು, ಗಮನ, ಯೋಚನೆಯ ಪರೀಕ್ಷೆಗಳು ನಡೆಯುತ್ತವೆ. ಅದೇ ದಿನ ಮುಖಭಾವದ ಪರೀಕ್ಷೆಯನ್ನೂ ಮಾಡಿ, ಶಸ್ತ್ರಚಿಕಿತ್ಸೆಯಾಗಿ ಕೆಲವು ತಿಂಗಳ ಬಳಿಕ ಮತ್ತೆ ಮಾಡಿದರೆ, ಬದಲಾವಣೆ ಬಂದಿದ್ದರೆ ಅಂಕಗಳಲ್ಲೇ ಕಾಣುತ್ತದೆ. ಆಗ ವಿದ್ಯುತ್ತಿನ ಪ್ರಮಾಣವನ್ನು ತುಸು ಹೊಂದಿಸಿ ನೋಡುವ ಅವಕಾಶ ವೈದ್ಯರಿಗಿರುತ್ತದೆ.